54 ತಿಂಗಳ ಲೆಕ್ಕ

ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಅಜ್ಜಿಯೊಬ್ಬರು ಏಳನೆಯ ತರಗತಿ ಓದುವ ಮೊಮ್ಮಗಳ ಕೈಯಲ್ಲಿ ಬರೆಸಿ ಕಳಿಸಿದ ಕಾಗದ ನನ್ನ ಮುಂದಿದೆ. ದೊಡ್ಡ ಮೊಮ್ಮಗ ಪಿಯುಸಿ ಮುಗಿಸಿದ್ದಾನೆ. ನೀಟ್‌ನಲ್ಲಿ 720ಕ್ಕೆ 268 ಬಂದಿವೆ. ಯಾರೋ ಮನೆಗೆ ಬಂದು, ಬಣ್ಣಬಣ್ಣದ ಪುಸ್ತಕ ತೋರಿಸಿ, 'ವಿದೇಶದಾಗ ಡಾಕ್ಟರ್ ಓದಸ್ರಿ, ಸೀಟು ನಾ ಕೊಡಿಸ್ತೀನಿ' ಅಂದಿದ್ದಾರೆ. ಅಜ್ಜಿ ಕೇಳಿರುವುದು ಒಂದೇ ಮಾತು: 'ಕಾಲುವಿ ನೀರಿನ ಎರಡ ಎಕರೆ ಹೊಲ ಮಾರಬೇಕಂತಾರ. ಮಾರಲೋ ಬ್ಯಾಡೋ?' ಕಾಗದದ ತಳದಲ್ಲಿ ಮೊಮ್ಮಗಳು ಸಣ್ಣ ಅಕ್ಷರದಲ್ಲಿ ತನ್ನದೂ ಒಂದು ಪ್ರಶ್ನೆ ಸೇರಿಸಿದ್ದಾಳೆ: 'ಅಣ್ಣ ಹೋದರೆ ಡಾಕ್ಟರ್ ಆಗಿಯೇ ಬರ್ತಾನಾ?'

ಎರಡೂ ಒಳ್ಳೆಯ ಪ್ರಶ್ನೆಗಳೇ. ಮೊಮ್ಮಗಳದ್ದು ಇನ್ನೂ ಒಳ್ಳೆಯದು. ಅದಕ್ಕೆ ಉತ್ತರ ಸಿಕ್ಕರೆ ಅಜ್ಜಿಯದಕ್ಕೂ ಅರ್ಧ ಉತ್ತರ ಸಿಕ್ಕಂತೆ.

ಮೊದಲು 268 ಅಂದರೆ ಎಷ್ಟು ಅನ್ನುವುದು ತಿಳಿಯಲಿ. ನೀಟ್‌ನಲ್ಲಿ 180 ಪ್ರಶ್ನೆಗಳು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ ಇದ್ದ ಅಂಕದಲ್ಲೇ 1 ಕಡಿತ. 75 ಸರಿ ಮಾಡಿ, 32 ತಪ್ಪು ಮಾಡಿ, ಉಳಿದ 73 ಮುಟ್ಟದೆ ಬಿಟ್ಟರೆ 268 ಬರುತ್ತದೆ. ಮಕ್ಕಳೇ, ಗುಣಿಸಿ ಕಳೆದು ನೋಡಿ. ಅಂದರೆ ಹುಡುಗ ದಡ್ಡನಲ್ಲ, ಆದರೆ ಓದು ಪಕ್ವವಾಗಿಲ್ಲ. 2025ರಲ್ಲಿ ಸಾಮಾನ್ಯ ವರ್ಗದವರಿಗೆ 'ಅರ್ಹತೆ' ಸಿಗಲು 144 ಅಂಕ ಸಾಕಿತ್ತು. 720ರಲ್ಲಿ ಅದು ಸರಿಯಾಗಿ ಐದನೇ ಒಂದು ಪಾಲು. ಹಾಗೆ ಅರ್ಹರಾದವರು ದೇಶದಲ್ಲಿ 12 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಸುಮಾರು 1 ಲಕ್ಷದ 20 ಸಾವಿರ. ಅರ್ಹರಾದ ಹತ್ತು ಮಂದಿಗೆ ಒಂದು ಸೀಟು. ಉಳಿದ ಒಂಬತ್ತು ಮಂದಿಯ ಮನೆ ಬಾಗಿಲಿಗೆ ಬಣ್ಣದ ಪುಸ್ತಕ ಬರುತ್ತದೆ. ವಿದೇಶದಲ್ಲಿ ಓದಿ ಬಂದು ಇಲ್ಲಿ ವೈದ್ಯನಾಗಬೇಕಾದರೂ ನೀಟ್‌ನಲ್ಲಿ ಅರ್ಹತೆ ಬೇಕೇ ಬೇಕು. 2018ರಿಂದ ಹಾಗೆ. ಆ ಫಲಿತಾಂಶ ವಿದೇಶದ ಪ್ರವೇಶಕ್ಕೆ ಮೂರು ವರ್ಷ ನಡೆಯುತ್ತದೆ. 'ಈ ತಿಂಗಳೇ ದುಡ್ಡು ಕಟ್ಟಬೇಕು, ಇಲ್ಲಾಂದ್ರ ನೀಟ್ ಹಾಳಾಗ್ತದ' ಎಂದು ಯಾರಾದರೂ ಅವಸರ ಮಾಡಿದರೆ ಈ ಮೂರು ವರ್ಷದ ಮಾತನ್ನು ನೆನಪಿಡಿ.

ಪರದೇಶದ ಬಾಗಿಲು ತಟ್ಟುವ ಮೊದಲು ನಮ್ಮ ಬಾಗಿಲನ್ನೇ ಒಮ್ಮೆ ನೋಡೋಣ. ನಾವು ಚಿಕ್ಕವರಿದ್ದಾಗ ಈ ಭಾಗದ ಹುಡುಗ ಡಾಕ್ಟರ್ ಓದಬೇಕೆಂದರೆ ಕಲಬುರಗಿಗೋ ಹುಬ್ಬಳ್ಳಿಗೋ ಹೋಗಬೇಕಿತ್ತು. ಅದಕ್ಕೂ ಹಿಂದೆ, ನಿಜಾಮರ ಕಾಲದ ಮುತ್ಯಾಗಳಿಗೆ ಹೈದರಾಬಾದೇ ದೊಡ್ಡ ಊರು, ದೊಡ್ಡ ಆಸ್ಪತ್ರೆ, ದೊಡ್ಡ ಕಾಲೇಜು. ಈಗ ಯಾದಗಿರಿಯಲ್ಲೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. 2022ರಲ್ಲಿ 150 ಸೀಟುಗಳೊಂದಿಗೆ ಶುರುವಾಯಿತು. ಸಂವಿಧಾನದ 371ಜೆ ಅನ್ವಯ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಲ್ಲಿ ನೂರಕ್ಕೆ 70 ಈ ಭಾಗದ ಮಕ್ಕಳಿಗೆ, ರಾಜ್ಯದ ಉಳಿದ ಕಡೆ ನೂರಕ್ಕೆ 8. ಅದರ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿ ಕೊಡುತ್ತದೆ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೊಂದು ಮೀಸಲು. ನೀಟ್ ಪ್ರಶ್ನೆಪತ್ರಿಕೆಯೂ 2017ರಿಂದ ಕನ್ನಡದಲ್ಲಿ ಸಿಗುತ್ತದೆ. ಇದೆಲ್ಲ ಇದ್ದರೂ 268ಕ್ಕೆ ಸರ್ಕಾರಿ ಸೀಟು ಸುಲಭವಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊಮ್ಮಗ ಕೌನ್ಸೆಲಿಂಗ್‌ಗೆ ಅರ್ಜಿ ಹಾಕಿದ್ದಾನೋ ಇಲ್ಲವೋ ಎಂಬುದನ್ನು ಅಜ್ಜಿಯ ಕಾಗದ ಹೇಳಿಲ್ಲ. ಮೊದಲು ಅದನ್ನು ಕೇಳಿ.

ಇನ್ನು ಮೊಮ್ಮಗಳ ಪ್ರಶ್ನೆ. ಅಣ್ಣ ಡಾಕ್ಟರ್ ಆಗಿಯೇ ಬರುತ್ತಾನಾ?

ಪದವಿ ಪಡೆದು ಬರಬಹುದು. ಆದರೆ ಪದವಿ ತಂದ ಕೂಡಲೇ ಡಾಕ್ಟರ್ ಆಗುವುದಿಲ್ಲ. ಇದು ಬಹಳ ಮನೆಗಳಿಗೆ ಗೊತ್ತಿಲ್ಲದ ಸಂಗತಿ, ಬಣ್ಣದ ಪುಸ್ತಕದಲ್ಲಿ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿರುವ ಸಂಗತಿ. 2021ರ ನವೆಂಬರ್ 18ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತು. ಆಮೇಲೆ ಸೇರಿದ ಎಲ್ಲರಿಗೂ ಅದು ಅನ್ವಯ. ಅದರ ಪ್ರಕಾರ ವಿದೇಶದ ಓದು ಕನಿಷ್ಠ 54 ತಿಂಗಳು ಇರಬೇಕು, ಅಂದರೆ ನಾಲ್ಕೂವರೆ ವರ್ಷ. ಅದರ ಮೇಲೆ ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಪಾಠ ಇಂಗ್ಲಿಷ್‌ನಲ್ಲೇ ಆಗಬೇಕು. ಅರ್ಧ ಒಂದು ದೇಶದಲ್ಲಿ, ಅರ್ಧ ಇನ್ನೊಂದರಲ್ಲಿ ಓದುವಂತಿಲ್ಲ. ಆ ದೇಶದಲ್ಲಿ ಅಲ್ಲಿನವರಂತೆಯೇ ವೈದ್ಯವೃತ್ತಿ ಮಾಡಲು ಆ ಪದವಿಗೆ ಹಕ್ಕಿರಬೇಕು. ಇಷ್ಟಾದ ಮೇಲೆ ಭಾರತಕ್ಕೆ ಬಂದು ಒಂದು ಪರೀಕ್ಷೆ, ಅದು ಪಾಸಾದ ಮೇಲೆ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಸೇರಿದ ದಿನದಿಂದ 10 ವರ್ಷದೊಳಗೆ ಆ ಓದು ಮುಗಿಯಬೇಕು.

ಕೂಡಿಸೋಣ. 54, 12, 12. ಒಟ್ಟು 78 ತಿಂಗಳು, ಆರೂವರೆ ವರ್ಷ. ನಡುವೆ ಪರೀಕ್ಷೆಗೆ ಕಾಯುವ ಕಾಲ ಬೇರೆ. ಈಗ ಅಣ್ಣನಿಗೆ 18 ಆಗಿದ್ದರೆ, ಎಲ್ಲೂ ಎಡವದಿದ್ದರೂ ಅವನ ಹೆಸರಿನ ಹಿಂದೆ 'ಡಾ.' ಎಂದು ಬರೆಯುವಾಗ ಅವನಿಗೆ 25. ತಂಗಿ ಆಗ ಪಿಯುಸಿ ಮುಗಿಸಿ ಕಾಲೇಜಿನಲ್ಲಿ ಇರುತ್ತಾಳೆ. ಅವಳ ಫೀಸಿಗೆ ದುಡ್ಡು ಎಲ್ಲಿಂದ ಎಂಬುದನ್ನೂ ಹೊಲದ ಲೆಕ್ಕ ಹಾಕುವ ದಿನವೇ ಹಾಕಬೇಕು. ನಮ್ಮ ಕಡೆ ಆ ಲೆಕ್ಕ ಮರೆತುಹೋಗುವುದೇ ಹೆಚ್ಚು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆ ಪರೀಕ್ಷೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಫ್‌ಎಂಜಿಇ ಅನ್ನುತ್ತಾರೆ. 2002ರಿಂದ ನಡೆಯುತ್ತಿದೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಒಂದೇ ದಿನ, 300 ಪ್ರಶ್ನೆಗಳು, ಬೆಳಿಗ್ಗೆ 150, ಮಧ್ಯಾಹ್ನ 150. ಪಾಸಾಗಲು 150 ಸರಿ ಇರಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕೇಳಲು ಸುಲಭ, ಅಲ್ಲವೇ? 2025ರ ಜೂನ್‌ನಲ್ಲಿ ಸುಮಾರು 36 ಸಾವಿರ ಮಂದಿ ಬರೆದರು, ಪಾಸಾದವರು ಸುಮಾರು 6,700. ಐದು ಮಂದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ. ಹಾಗೆಂದು ಉಳಿದ ನಾಲ್ವರು ಎಂದೂ ಪಾಸಾಗುವುದಿಲ್ಲ ಎಂದಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಬರೆಯಬಹುದು, ಬರೆದವರಲ್ಲಿ ಹಳಬರೂ ಇರುತ್ತಾರೆ. ಆದರೆ ಪ್ರತಿ ಸಲ ಬರೆಯುವಾಗಲೂ ಮನೆಯಲ್ಲಿ ಆರು ತಿಂಗಳು ಹೆಚ್ಚಾಗುತ್ತದೆ. 'ಡಾಕ್ಟರ್ ಸಾಹೇಬ್ರು ಬಂದ್ರು' ಎಂದು ಹಾರ ಹಾಕಿದ ಓಣಿಯವರೇ ಎರಡನೆಯ ವರ್ಷ 'ಯಾವಾಗ ದವಾಖಾನಿ ಹಾಕ್ತೀರಿ?' ಎಂದು ಕೇಳತೊಡಗುತ್ತಾರೆ. ಆ ಪ್ರಶ್ನೆ ಕೇಳಿಸಿಕೊಳ್ಳಲಾರದೆ ಮದುವೆ-ಮುಂಜಿಗೂ ಹೋಗುವುದನ್ನು ಬಿಟ್ಟ ಹುಡುಗರಿದ್ದಾರೆ. ಓಣಿಯ ಹಿರಿಯರು ಈ ಅಂಕಣ ಓದುತ್ತಿದ್ದರೆ, ದಯವಿಟ್ಟು ಅದನ್ನು ಕೇಳಬೇಡಿ.

ಪಾಸಾಗುವವರು ಯಾರು? ಎಷ್ಟು ದೊಡ್ಡ ದೇಶಕ್ಕೆ ಹೋದರು ಅನ್ನುವುದಕ್ಕಿಂತ ಮೊದಲ ವರ್ಷದಿಂದಲೇ ದಿನಾ ಓದಿದರೋ ಇಲ್ಲವೋ ಅನ್ನುವುದೇ ಇಲ್ಲಿ ಹೆಚ್ಚು ನಡೆಯುತ್ತದೆ ಎಂದು ನನ್ನ ಅಭಿಪ್ರಾಯ. ಅಲ್ಲಿ ರೋಗಿಯ ಮಾತು ತಿಳಿಯುವುದೂ ಅಷ್ಟೇ ಮುಖ್ಯ. ರಷ್ಯಾ, ಕಿರ್ಗಿಸ್ತಾನ್, ಕಜಾಕಿಸ್ತಾನಗಳಲ್ಲಿ ಪಾಠ ಇಂಗ್ಲಿಷ್‌ನಲ್ಲಿ ಇದ್ದರೂ ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿದ ಅಜ್ಜಿ ಇಂಗ್ಲಿಷ್ ಆಡುವುದಿಲ್ಲ. 'ಎಲ್ಲಿ ನೋಯುತ್ತದೆ?' ಎಂಬುದಕ್ಕೆ ರಷ್ಯನ್‌ನಲ್ಲಿ 'ಗ್ದ್ಯೆ ಬಲೀತ್?' ಅನ್ನುತ್ತಾರೆ. ಅಷ್ಟು ಕಲಿತು ಕೇಳಿಬಿಡಬಹುದು. ಅದಕ್ಕೆ ಆ ಅಜ್ಜಿ ಕೊಡುವ ಉದ್ದನೆಯ ಉತ್ತರ ತಿಳಿಯಬೇಕಲ್ಲ! ನಮ್ಮಲ್ಲೇ ನೋಡಿ, ಬೆಂಗಳೂರಿನಿಂದ ಬಂದ ಹೊಸ ಡಾಕ್ಟರಿಗೆ ಸುರಪುರದ ಮುತ್ಯಾ 'ಹೊಟ್ಟ್ಯಾಗ ಕಳಮಳ ಆಗ್ಲತ್ತದ, ಜೀವಕ್ಕ ಸಮಾಧಾನ ಇಲ್ಲ' ಅಂದರೆ ಅವರು ನರ್ಸ್ ಮುಖ ನೋಡುತ್ತಾರೆ. ಭಾಷೆ ಬಾರದ ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಗೋಡೆಗೆ ಆತು ನಿಲ್ಲುತ್ತಾನೆ. ನಾಲ್ಕು ವರ್ಷ ಗೋಡೆಗೆ ಆತು ನಿಂತವನಿಗೆ ಆಮೇಲೆ 300 ಪ್ರಶ್ನೆ ಕಠಿಣವಾಗದೆ ಇನ್ನೇನು?

ಅಜ್ಜಿಯ ಹೊಲಕ್ಕೆ ಬರೋಣ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ಎರಡು ಎಕರೆ ಅಂದರೆ ಏನೆಂದು ಶಹಾಪುರ, ಸುರಪುರದವರಿಗೆ ನಾನು ಹೇಳಬೇಕಿಲ್ಲ. ಬ್ಯಾಂಕಿನವರು ಶಿಕ್ಷಣ ಸಾಲವನ್ನು ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿಯ ಅಡಮಾನವಿಲ್ಲದೆ ಕೊಡುತ್ತಾರೆ. ಅದರ ಮೇಲೆ ಆಸ್ತಿ ಕೇಳುತ್ತಾರೆ. ಅಲ್ಲಿ ಒಂದು ತೊಡಕು. ಬಾಕಿದಾರರ ಆಸ್ತಿಯನ್ನು ಬ್ಯಾಂಕು ತಾನೇ ವಶಪಡಿಸಿಕೊಳ್ಳುವ ಕಾನೂನು ಸಾಗುವಳಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆಂದು ಇಟ್ಟ ಮಾತು ಅದು. ಆದರೆ ಅದೇ ಕಾರಣಕ್ಕೆ ಎಷ್ಟೋ ಬ್ಯಾಂಕುಗಳು ಇಂಥ ಸಾಲಕ್ಕೆ ಹೊಲವನ್ನು ಅಡಮಾನವಾಗಿ ಒಪ್ಪುವುದಿಲ್ಲ, ಪಟ್ಟಣದ ಮನೆ ಇದ್ದರೆ ತನ್ನಿ ಅನ್ನುತ್ತಾರೆ. ಪಟ್ಟಣದಲ್ಲಿ ಮನೆ ಇಲ್ಲದವರು ಹೊಲ ಮಾರುತ್ತಾರೆ. ಹೀಗೆ ರಕ್ಷಣೆಯೇ ಮಾರಾಟಕ್ಕೆ ದಾರಿಯಾಗುತ್ತದೆ.

ಇನ್ನೊಂದು ಲೆಕ್ಕ ಮಕ್ಕಳಿಗೆ. ಒಂದು ಕಾಲೇಜಿನ ಫೀಸು ವರ್ಷಕ್ಕೆ 4,000 ಡಾಲರ್ ಎಂದುಕೊಳ್ಳಿ. 2019ರಲ್ಲಿ ಒಂದು ಡಾಲರ್‌ಗೆ ಸುಮಾರು 70 ರೂಪಾಯಿ ಇತ್ತು, ಅಂದರೆ 2,80,000. 2025ರಲ್ಲಿ ಡಾಲರ್ 85 ದಾಟಿತು. ಅದೇ ಫೀಸು 3,40,000 ಆಯಿತು. ಕಾಲೇಜಿನವರು ಒಂದು ಡಾಲರೂ ಹೆಚ್ಚಿಸಲಿಲ್ಲ, ಆದರೂ ಮನೆಯವರಿಗೆ ವರ್ಷಕ್ಕೆ 60 ಸಾವಿರ ಹೆಚ್ಚು. ಬಣ್ಣದ ಪುಸ್ತಕದಲ್ಲಿ ಬರೆದ 'ಒಟ್ಟು ಖರ್ಚು' ಆರನೆಯ ವರ್ಷಕ್ಕೆ ಬರುವಾಗ ಅಷ್ಟೇ ಇರುವುದಿಲ್ಲ. ವಿಮಾನ, ವೀಸಾ ನವೀಕರಣ, ಚಳಿಯ ಬಟ್ಟೆ, ಕೊನೆಗೆ ಎಫ್‌ಎಂಜಿಇ ಕೋಚಿಂಗ್ ಕೂಡ ಅದರಲ್ಲಿ ಇರುವುದಿಲ್ಲ.

ಅದಕ್ಕೇ ಅಜ್ಜಿ, ಕೇಳಿದ್ದೀರಿ ಎಂದು ನೇರವಾಗಿ ಹೇಳುತ್ತೇನೆ: ಈ ವರ್ಷ ಹೊಲ ಮಾರಬೇಡಿ. ಮೊಮ್ಮಗ ಇನ್ನೊಂದು ವರ್ಷ ಮನಸ್ಸಿಟ್ಟು ನೀಟ್ ಓದಲಿ. 73 ಪ್ರಶ್ನೆ ಮುಟ್ಟದೆ ಬಿಟ್ಟವನಿಗೆ ಮೇಲೇರಲು ಜಾಗವಿದೆ. ಆ ಒಂದು ವರ್ಷದ ಓದು ವ್ಯರ್ಥವಲ್ಲ, ಮುಂದೆ ಎಲ್ಲಿ ಓದಿದರೂ ಅದೇ ಜೀವಶಾಸ್ತ್ರ ಅಡಿಪಾಯ. ಅಂಕ ಏರಿದರೆ ಇಲ್ಲೇ ಸೀಟು, ಏರದಿದ್ದರೆ ಆಗ ವಿದೇಶದ ಮಾತು. ಹೊಲ ಅಲ್ಲೇ ಇರುತ್ತದೆ, ನೀಟ್ ಫಲಿತಾಂಶವೂ ಮೂರು ವರ್ಷ ಇರುತ್ತದೆ. ಇದಕ್ಕೆ ಒಪ್ಪದವರೂ ಇದ್ದಾರೆ. 'ವರ್ಷ ಕಳೆದರೆ ಹುಡುಗ ಕುಗ್ಗುತ್ತಾನೆ' ಅನ್ನುತ್ತಾರೆ. ಕುಗ್ಗುವ ಹುಡುಗ ಪರದೇಶದ ಹಾಸ್ಟೆಲ್‌ನಲ್ಲಿ ಒಬ್ಬನೇ ಕುಗ್ಗುವುದಕ್ಕಿಂತ ಅಜ್ಜಿಯ ಪಕ್ಕದಲ್ಲಿ ಕುಗ್ಗಲಿ, ಎಬ್ಬಿಸಲು ಜನ ಇರುತ್ತಾರೆ.

ವಿದೇಶಕ್ಕೆ ಹೋಗುವವರನ್ನು ಹಗುರವಾಗಿ ಕಾಣುವವನು ನಾನಲ್ಲ. ಹಾವೇರಿ ಜಿಲ್ಲೆ ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ನಿಮಗೆ ನೆನಪಿರಬೇಕು. ಪಿಯುಸಿಯಲ್ಲಿ ನೂರಕ್ಕೆ 97 ತೆಗೆದ ಹುಡುಗ. ಇಲ್ಲಿ ಸೀಟು ಸಿಗದೆ, ಕೊಳ್ಳಲು ಆಗದೆ, ಉಕ್ರೇನಿನ ಹಾರ್ಕಿವ್‌ಗೆ ಹೋದ. ನಾಲ್ಕನೆಯ ವರ್ಷದಲ್ಲಿದ್ದಾಗ ಯುದ್ಧ ಬಂತು. 2022ರ ಮಾರ್ಚ್ 1ರಂದು ಊಟದ ಸಾಮಾನು ತರಲು ಹೊರಗೆ ಹೋದವನು ಶೆಲ್ ದಾಳಿಗೆ ಬಲಿಯಾದ. ವಯಸ್ಸು 21. ದೇಹ ಮಾರ್ಚ್ 21ರಂದು ಊರಿಗೆ ಬಂತು. ಮನೆಯವರು ಪೂಜೆ ಮುಗಿಸಿ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಮಗನಿಗೆ ಓದಿ ಮುಗಿಸಲಾಗದ ಪಾಠವನ್ನು ಬೇರೆ ಮಕ್ಕಳು ಅವನಿಂದ ಓದಲಿ ಎಂದು ಬಗೆದ ಆ ತಂದೆ-ತಾಯಿಯ ಬಗ್ಗೆ ನಾನು ಇನ್ನೇನೂ ಬರೆಯಲಾರೆ. ಅದೇ 2022ರಲ್ಲಿ ಹಾವೇರಿಗೂ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, ನಮ್ಮ ಯಾದಗಿರಿಯ ಜೊತೆಯಲ್ಲೇ.

ಆ ಸಲ ಸುಮಾರು 22,500 ಭಾರತೀಯರು ಉಕ್ರೇನಿನಿಂದ ಹಿಂತಿರುಗಿದರು, ಹೆಚ್ಚಿನವರು ವಿದ್ಯಾರ್ಥಿಗಳು. 'ಅದೇ ಕಾಲೇಜಿನಲ್ಲೇ ಪೂರ್ತಿ ಓದಬೇಕು' ಎಂಬ ನಿಯಮ ಎಷ್ಟು ಕಠಿಣ ಎಂಬುದು ಆಗಲೇ ಎಲ್ಲರಿಗೂ ತಿಳಿದದ್ದು. ಅವರ ಸಲುವಾಗಿ ಆಮೇಲೆ ಸಡಿಲಿಕೆ ಬಂತು, ಆದರೆ ಅದಕ್ಕೆ ಕಾದ ತಿಂಗಳುಗಳು ದೀರ್ಘವಾಗಿದ್ದವು. ಕಾಲೇಜು ಆಯ್ಕೆ ಮಾಡುವಾಗ ಫೀಸಿನ ಜೊತೆ ಆ ದೇಶದ ಗಡಿಯನ್ನೂ ಭೂಪಟದಲ್ಲಿ ನೋಡುವುದು ಒಳ್ಳೆಯದು. ಮಕ್ಕಳ ಕೈಯಲ್ಲಿ ಅಟ್ಲಾಸ್ ಕೊಡಿ, ಅವರು ಚೆನ್ನಾಗಿ ತೋರಿಸುತ್ತಾರೆ.

ಹೋಗುವುದೇ ನಿಶ್ಚಯವಾದರೆ? ಬಣ್ಣದ ಪುಸ್ತಕ ತಂದವರಿಗೆ ಅಜ್ಜಿಯೇ ಕೇಳಲಿ: 'ನಿಮ್ಮ ಕಾಲೇಜಿನ್ಯಾಗ ಓದಿದವ್ರು ಆ ದೇಶದಾಗ ದವಾಖಾನಿ ಹಾಕಬಹುದೇನ್ರಿ? 54 ತಿಂಗಳು ಅಂತ ಬರದು ಕೊಡ್ತೀರೇನ್ರಿ? ಹೋದ ವರ್ಷ ಎಷ್ಟು ಮಂದಿ ಎಫ್‌ಎಂಜಿಇ ಪಾಸಾದ್ರು?' ಬಾಯಿಮಾತು ಬೇಡ, ಕಾಗದದ ಮೇಲೆ ಬರಲಿ. ಫಿಲಿಪೈನ್ಸ್‌ನ ಓದಿನಲ್ಲಿ ಮೊದಲು ಬರುವ ಬಿ.ಎಸ್. ಕೋರ್ಸನ್ನು ಎಂಬಿಬಿಎಸ್ ಓದಿನ ಭಾಗವೆಂದು ಇಲ್ಲಿ ಎಣಿಸದೆ ಹೋದದ್ದು ಅನೇಕ ಮನೆಗಳಿಗೆ ಪೆಟ್ಟು ಕೊಟ್ಟಿತು, ಆದ್ದರಿಂದ ಈ ತಿಂಗಳುಗಳ ಎಣಿಕೆ ಹುಡುಗಾಟವಲ್ಲ. ಫೀಸನ್ನು ಕಾಲೇಜಿನ ಖಾತೆಗೇ ಬ್ಯಾಂಕಿನ ಮೂಲಕ ಕಟ್ಟಬೇಕು, ಮಧ್ಯದವರ ಕೈಗೆ ನಗದು ಬೇಡ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್‌ಗಳನ್ನು ಯಾರ ಕಪಾಟಿನಲ್ಲೂ ಬಿಟ್ಟು ಬರಬಾರದು.

ಕಾಗದಗಳ ಮಾತು ಬಂತು, ನಮ್ಮ ಜಿಲ್ಲೆಯವರಿಗೆ ಇದೊಂದು ವಿಶೇಷ ತಾಪತ್ರಯ. ನಮ್ಮಲ್ಲಿ ಹೆಸರು ಬರೆಯುವ ರೀತಿಯೇ ಬೇರೆ. 'ಮಲ್ಲಪ್ಪ ತಂದೆ ಭೀಮರಾಯ' ಅನ್ನುತ್ತೇವೆ, ಊರಿನ ತಹಶೀಲ್ ಕಚೇರಿಗೆ ಅದು ಸ್ಪಷ್ಟ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮೊದಲ ಹೆಸರು, ಮನೆತನದ ಹೆಸರು ಎಂದು ಎರಡು ಖಾನೆಗಳು. ಮನೆತನದ ಹೆಸರು ಎಂದರೆ ಏನು ತುಂಬಬೇಕು? ಒಬ್ಬರು ತಂದೆ ಹೆಸರು, ಇನ್ನೊಬ್ಬರು ಊರ ಹೆಸರು ಹಾಕುತ್ತಾರೆ, ಮತ್ತೊಬ್ಬರು ಖಾಲಿ ಬಿಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ತರಹ, ಆಧಾರ್‌ನಲ್ಲಿ ಇನ್ನೊಂದು ತರಹ. ಊರಿನ ಹೆಸರೂ ಹಾಗೆಯೇ. ಇಂಗ್ಲಿಷ್ ಅಕ್ಷರದಲ್ಲಿ ಕೆಲವು ಕಾಗದಗಳು 'ಯಾದಗಿರ್' ಅನ್ನುತ್ತವೆ, ಕೆಲವು 'ಯಾದಗಿರಿ'. 'ಶಾಪುರ್' ಒಂದು ಕಡೆ, 'ಶಹಾಪುರ' ಇನ್ನೊಂದು ಕಡೆ. ಸುರಪುರದ ಪಾಡು ಎಲ್ಲಕ್ಕಿಂತ ಮಿಗಿಲು: ಸುರಪುರ, ಸುರ್ಪುರ್, ಹಳೆಯ ದಫ್ತರಗಳಲ್ಲಿ ಶೋರಾಪುರ. ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬರೂ ಶೋರಾಪುರ ಎಂದೇ ಬರೆದರು. ಆಗ ಕೇಳುವವರಿರಲಿಲ್ಲ. ಈಗ ಪರದೇಶದ ಗುಮಾಸ್ತ ಶೋರಾಪುರ, ಸುರಪುರ ಎರಡು ಊರು ಎಂದುಕೊಂಡು ಕಾಗದ ಹಿಂದಿರುಗಿಸಬಹುದು.

ಅಂಕಪಟ್ಟಿಗೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಎಂಬ ಮುದ್ರೆ, ಆಮೇಲೆ ಆ ದೇಶದ ಭಾಷೆಗೆ ಅನುವಾದ. ಒಂದು ಅಕ್ಷರ ತಪ್ಪಿದ್ದರೆ ಅದು ಈ ಮೂರೂ ಕಡೆ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. ಆರು ವರ್ಷದ ನಂತರ ಪದವಿಯ ಮೇಲೂ ಕೂತು ಬರುತ್ತದೆ, ಇಲ್ಲಿ ನೋಂದಣಿ ಮಾಡಿಸುವಾಗ ಮತ್ತೆ ಅಫಿಡವಿಟ್, ಮತ್ತೆ ಓಡಾಟ.

ಹಾಗಾಗಿ ಈ ವಾರದ ಕೆಲಸ, ವಿದೇಶಕ್ಕೆ ಹೋಗಲಿ ಬಿಡಲಿ, ಏಳರಿಂದ ಹತ್ತನೆಯ ತರಗತಿಯ ಎಲ್ಲ ಮಕ್ಕಳಿಗೆ. ಅಜ್ಜಿಯ ಟ್ರಂಕಿನಿಂದ ನಿಮ್ಮ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ತೆಗೆಸಿ ಪಕ್ಕಪಕ್ಕ ಇಡಿ. ನಿಮ್ಮ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ದಿನ, ಊರು, ಒಂದೊಂದು ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ ಮುಖ್ಯ ಗುರುಗಳಿಗೆ ಹೇಳಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿ ಕಷ್ಟ. ನಿಮ್ಮ ಊರಿನ ಹೆಸರು ಎಷ್ಟು ಬಗೆಯಲ್ಲಿ ಸಿಕ್ಕಿತು ಎಂಬುದನ್ನು ನನಗೆ ಬರೆದು ಕಳಿಸಿ. ನಾಲ್ಕಕ್ಕಿಂತ ಹೆಚ್ಚು ಸಿಕ್ಕವರ ಊರನ್ನು ಮುಂದಿನ ಅಂಕಣದಲ್ಲಿ ಹಾಕುತ್ತೇನೆ.